ಲಾರಿಗೆ ಎಲ್‌ಇಡಿ ಹೆಡ್‌ಲೈಟ್: ವೈರಿಂಗ್‌ನಿಂದ ಫೋಕಸ್‌ವರೆಗೆ

ಕಳಂಬೋಲಿಯ ಸ್ಟೀಲ್ ಮಾರ್ಕೆಟ್‌ನಲ್ಲಿ ಮಧ್ಯಾಹ್ನ ಲೋಡ್ ಹಿಡಿದ ಲಾರಿ ಖಂಡಾಳಾ ಘಾಟ್ ಹತ್ತುವಷ್ಟರಲ್ಲಿ ಕತ್ತಲಾಗಿರುತ್ತದೆ. ಅಲ್ಲಿಂದ ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿ ಸೇರುವವರೆಗೆ ಡ್ರೈವರ್‌ಗೆ ಆ ಎರಡು ಹೆಡ್‌ಲೈಟ್‌ಗಳೇ ಆಸರೆ. ಹ್ಯಾಲೊಜನ್ ಬೆಳಕು ಸಾಲುತ್ತಿಲ್ಲ ಅನ್ನಿಸಿದಾಗ ಕುರ್ಲಾದ ಸಿಎಸ್‌ಟಿ ರೋಡ್‌ನಲ್ಲೋ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲೋ ಒಂದು ಜೊತೆ ಎಲ್‌ಇಡಿ ಬಲ್ಬ್ ಕೊಂಡು, ಹತ್ತು ನಿಮಿಷದಲ್ಲಿ ಹಾಕಿಸಿ ಹೊರಟುಬಿಡುವವರು ಬಹಳ. ಬಂಪರ್ ಮುಂದಿನ ಹತ್ತು ಮೀಟರ್ ಹಗಲಿನಂತೆ ಹೊಳೆಯುತ್ತದೆ. ಎದುರಿನವರು ಮೇಲಿಂದ ಮೇಲೆ ಡಿಪ್ಪರ್ ಹೊಡೆಯುತ್ತಾರೆ. ಕರಾಡದ ಆಚೆ ರಸ್ತೆ ಬದಿಗೆ ಕೆಟ್ಟು ನಿಂತ ಕಬ್ಬಿನ ಟ್ರಾಲಿ ಮಾತ್ರ ಮೊದಲಿಗಿಂತ ತಡವಾಗಿ ಕಣ್ಣಿಗೆ ಬೀಳುತ್ತದೆ.

ಹೀಗಾಗುವುದಕ್ಕೆ ಕಾರಣ ಒಂದೇ. ಹೆಡ್‌ಲೈಟ್‌ನಲ್ಲಿ ಬಲ್ಬ್ ಬೆಳಕನ್ನು ಕೊಡುತ್ತದೆ ಅಷ್ಟೇ, ಅದನ್ನು ರಸ್ತೆಗೆ ಹಂಚುವುದು ರಿಫ್ಲೆಕ್ಟರ್. ಹ್ಯಾಲೊಜನ್ ಬಲ್ಬ್‌ನ ತಂತಿ ಎಲ್ಲಿ ಕೂರುತ್ತದೋ ಆ ಬಿಂದುವಿಗೆ ಲೆಕ್ಕ ಹಾಕಿ ರಿಫ್ಲೆಕ್ಟರ್‌ನ ಬಾಗು ಮಾಡಿರುತ್ತಾರೆ. ಎಲ್‌ಇಡಿ ಚಿಪ್ ಅಲ್ಲಿಂದ ಒಂದೆರಡು ಮಿಲಿಮೀಟರ್ ಸರಿದರೂ ದೂರ ಹೋಗಬೇಕಾದ ಬೆಳಕು ಮೇಲಕ್ಕೋ ಪಕ್ಕಕ್ಕೋ ಚೆಲ್ಲುತ್ತದೆ. ಎದುರಿನವನ ಕಣ್ಣು ಕುಕ್ಕುವ ಬೆಳಕೆಂದರೆ ನಿಮ್ಮ ರಸ್ತೆಗೆ ಬೀಳದೆ ಹೋದ ಬೆಳಕು. ಆದ್ದರಿಂದ ಈ ಕೆಲಸದಲ್ಲಿ ಬಲ್ಬ್ ತಿರುಗಿಸಿ ಕೂರಿಸುವ ಹತ್ತು ನಿಮಿಷಕ್ಕಿಂತ ಅದಕ್ಕೆ ಮುಂಚಿನ ಒಂದು ಗಂಟೆ ಮತ್ತು ಆಮೇಲಿನ ಒಂದು ಗಂಟೆಯೇ ದೊಡ್ಡದು.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡಬೇಕು. ಹೆಡ್‌ಲ್ಯಾಂಪ್‌ಗೆ ಅನುಮೋದನೆ ಸಿಗುವುದು ಅದರೊಳಗೆ ಹಾಕುವ ಬಲ್ಬ್ ಮಾದರಿಯನ್ನೂ ಸೇರಿಸಿ. ಎಚ್4 ಎಂಬ ಮಾದರಿಯ ಹ್ಯಾಲೊಜನ್‌ಗೆಂದು ಪಾಸಾದ ಲ್ಯಾಂಪ್‌ಗೆ ಎಲ್‌ಇಡಿ ಬಲ್ಬ್ ಹಾಕಿದರೆ ಆ ಅನುಮೋದನೆ ಉಳಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಎಂಟು ವರ್ಷದವರೆಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಬರುವ ಪಾಸಿಂಗ್‌ನಲ್ಲೂ, ಅಂದರೆ ಫಿಟ್‌ನೆಸ್ ಪರೀಕ್ಷೆಯಲ್ಲೂ, ಹೆಡ್‌ಲೈಟ್ ನೋಡುತ್ತಾರೆ. ಜರ್ಮನಿಯಲ್ಲಿ 2020ರಿಂದ ಎಲ್‌ಇಡಿ ಬಲ್ಬ್‌ಗೆ ಅವಕಾಶ ಸಿಕ್ಕಿದೆ, ಅದೂ ಯಾವ ವಾಹನದ ಯಾವ ಹೆಡ್‌ಲ್ಯಾಂಪ್‌ಗೆ ಯಾವ ಬಲ್ಬ್ ಎಂದು ಒಂದೊಂದಾಗಿ ಪರೀಕ್ಷಿಸಿ ಪಟ್ಟಿ ಮಾಡಿ. ಬಲ್ಬ್ ಒಂದೇ ಆದರೂ ಲ್ಯಾಂಪ್ ಬದಲಾದರೆ ಫಲ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಿಮ್ಮ ಮಾದರಿಗೆ ತಯಾರಕರೇ ಕೊಡುವ, ಅನುಮೋದನೆಯ ಗುರುತಿರುವ ಪೂರ್ತಿ ಎಲ್‌ಇಡಿ ಲ್ಯಾಂಪ್ ಸಿಗುವುದಾದರೆ ಖರ್ಚು ಹೆಚ್ಚಾದರೂ ಅದೇ ಸರಿಯಾದ ದಾರಿ. ಮುಂದೆ ಬರುವ ವೋಲ್ಟೇಜ್ ಮತ್ತು ಫೋಕಸ್ ಕೆಲಸ ಅದಕ್ಕೂ ಅಷ್ಟೇ ಅನ್ವಯ.

ಬಲ್ಬ್ ಕೊಳ್ಳುವ ಮುಂಚೆ ಮೀಟರ್ ಹಿಡಿಯಿರಿ

ಮಂದ ಹೆಡ್‌ಲೈಟ್ ಎಂದರೆ ಬಲ್ಬ್ ದೋಷ ಅಂದುಕೊಳ್ಳುವುದು ಸಹಜ. ಹತ್ತು ವರ್ಷ ಓಡಿದ ಲಾರಿಯಲ್ಲಿ ಹೆಚ್ಚಾಗಿ ತಪ್ಪಿರುವುದು ವೈರಿಂಗ್‌ನದು. ಹ್ಯಾಲೊಜನ್‌ನ ಬೆಳಕು ವೋಲ್ಟೇಜ್‌ನ ಸುಮಾರು 3.4ನೇ ಘಾತದಷ್ಟು ವೇಗವಾಗಿ ಏರಿಳಿಯುತ್ತದೆ. 28 ವೋಲ್ಟ್ ಸಿಗಬೇಕಾದ ಕಡೆ 25 ಸಿಕ್ಕರೆ ಬೆಳಕಿನ ಮೂರನೇ ಒಂದು ಭಾಗ ಮಾಯ. ಕಣ್ಣಿಗೆ ಹಳದಿಯಾಗಿ, ಮುಪ್ಪಾದಂತೆ ಕಾಣುವ ಎಷ್ಟೋ ಹೆಡ್‌ಲೈಟ್‌ಗಳಿಗೆ ಬೇಕಿರುವುದು ಎಲ್‌ಇಡಿ ಅಲ್ಲ, ಎರಡು ರಿಲೇ (ಬ್ಯಾಟರಿಯ ಕರೆಂಟನ್ನು ನೇರ ಬಲ್ಬ್‌ಗೆ ಬಿಡುವ ವಿದ್ಯುತ್ ಸ್ವಿಚ್) ಮತ್ತು ಶುದ್ಧವಾದ ಅರ್ಥ್, ಅಂದರೆ ಚಾಸಿಗೆ ಸೇರುವ ನೆಗೆಟಿವ್ ಜೋಡಣೆ.

ಪರೀಕ್ಷೆ ಸುಲಭ. ಎಂಜಿನ್ ಚಾಲೂ ಮಾಡಿ, ರೇಸ್ ಸ್ವಲ್ಪ ಹಿಡಿದು, ಡಿಪ್ಪರ್, ಅಂದರೆ ತಗ್ಗಿಸಿದ ಬೆಳಕು, ಹಾಕಿ. ಎರಡು 12 ವೋಲ್ಟ್ ಬ್ಯಾಟರಿ ಸೇರಿ 24 ವೋಲ್ಟ್ ಆಗುವ ಜೋಡಿಯ ಎರಡು ತುದಿಗೆ ಮೀಟರ್ ಇಟ್ಟರೆ 27.5ರಿಂದ 28.5 ವೋಲ್ಟ್ ಬರಬೇಕು. ನಂತರ ಬಲ್ಬ್ ಹೋಲ್ಡರ್ ಹಿಂದೆ, ಬಲ್ಬ್ ಉರಿಯುತ್ತಿರುವಾಗಲೇ, ಡಿಪ್ಪರ್ ಪಿನ್‌ಗೂ ಅರ್ಥ್ ಪಿನ್‌ಗೂ ನಡುವೆ ಅಳೆಯಿರಿ. ವ್ಯತ್ಯಾಸ ಒಂದು ವೋಲ್ಟ್‌ನೊಳಗಿದ್ದರೆ ವೈರಿಂಗ್ ಚೆನ್ನಾಗಿದೆ. ಎರಡು ದಾಟಿದರೆ ಮೊದಲು ಅದನ್ನು ಸರಿಪಡಿಸಿ. ಅರ್ಥ್ ಪಿನ್‌ನಿಂದ ಬ್ಯಾಟರಿಯ ನೆಗೆಟಿವ್‌ಗೆ ಅಳೆದಾಗ 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ಬಾಡಿ ಅರ್ಥ್ ತುಕ್ಕು ಹಿಡಿದಿದೆ ಎಂದರ್ಥ. ಜವಾಹರಲಾಲ್ ನೆಹರೂ ಬಂದರಿಗೋ ಗೋವಾಕ್ಕೋ ಸದಾ ಹೋಗುವ ಲಾರಿಗಳಲ್ಲಿ ಸಮುದ್ರದ ಉಪ್ಪುಗಾಳಿಗೆ ಇದು ಬೇಗ ಆಗುತ್ತದೆ. ಅರ್ಥ್ ಬೋಲ್ಟ್ ಬಿಚ್ಚಿ, ಚಾಸಿಯ ಬಣ್ಣವನ್ನು ಎಮರಿ ಪೇಪರ್‌ನಿಂದ ಲೋಹ ಕಾಣುವವರೆಗೆ ಉಜ್ಜಿ, ವೈರ್ ತುದಿಗೆ ಹೊಸ ಥಿಂಬಲ್ (ಲೋಹದ ಉಂಗುರ) ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

ವೋಲ್ಟ್ ಬೀಳುತ್ತಿದ್ದರೆ ಹೆಡ್‌ಲೈಟ್‌ಗೆ ರಿಲೇ ಹಾಕಿಸಿ. ಡಿಪ್ಪರ್‌ಗೆ ಒಂದು, ಅಪ್ಪರ್‌ಗೆ (ದೂರದ ಬೆಳಕಿಗೆ) ಒಂದು, ಎರಡೂ 24 ವೋಲ್ಟ್‌ನವು. ಬ್ಯಾಟರಿಯಿಂದ 2.5 ಚದರ ಮಿ.ಮೀ. ತಾಮ್ರದ ವೈರ್ ಫ್ಯೂಸ್ ಮೂಲಕ ರಿಲೇಯ 30ನೇ ಪಿನ್‌ಗೆ, 87ರಿಂದ ಬಲ್ಬ್‌ಗೆ. ಸ್ವಿಚ್‌ನಿಂದ ಬರುವ ಹಳೆಯ ವೈರ್ 86ಕ್ಕೆ, 85 ಅರ್ಥ್‌ಗೆ. 87ರ ನಂತರ ಎಡಕ್ಕೂ ಬಲಕ್ಕೂ ಬೇರೆ ಬೇರೆ ಫ್ಯೂಸ್ ಇಡಿ. ಒಂದೇ ಫ್ಯೂಸ್‌ನಲ್ಲಿ ಎರಡನ್ನೂ ಕಟ್ಟಿದರೆ ಅದು ಹಾರಿದ ಕ್ಷಣ ಘಾಟ್‌ನ ತಿರುವಿನಲ್ಲಿ ಪೂರ್ತಿ ಕತ್ತಲು. 24 ವೋಲ್ಟ್‌ನ 75 ವ್ಯಾಟ್ ಬಲ್ಬ್ ಎಳೆಯುವುದು ಸುಮಾರು 3 ಆಂಪಿಯರ್, ಆದ್ದರಿಂದ ಒಂದೊಂದಕ್ಕೆ 7.5 ಆಂಪಿಯರ್ ಫ್ಯೂಸ್ ಸಾಕು. ಬ್ಯಾಟರಿಯಿಂದ ರಿಲೇಗೆ ಬರುವ ವೈರ್‌ನ ಫ್ಯೂಸ್ ಬ್ಯಾಟರಿಗೆ ಹತ್ತಿರವಿರಲಿ. ರಿಲೇ ಹತ್ತಿರ ಇಟ್ಟರೆ ನಡುವಿನ ವೈರ್ ಚಾಸಿಗೆ ಉಜ್ಜಿ ಸುಟ್ಟಾಗ ಫ್ಯೂಸ್ ಇದ್ದೂ ಇಲ್ಲದಂತೆ. ಬಿಎಸ್6 ಲಾರಿಯಲ್ಲಿ ಹೆಡ್‌ಲೈಟನ್ನು ನಡೆಸುವುದು ಕಂಟ್ರೋಲ್ ಯೂನಿಟ್. ಅಲ್ಲಿ ಹೀಗೆ ವೈರ್ ಕತ್ತರಿಸಲು ಹೋಗದೆ ಸರ್ವಿಸ್ ಸೆಂಟರ್‌ನಲ್ಲಿ ತೋರಿಸಿ, ಇಲ್ಲವಾದರೆ ವಾರಂಟಿಗೂ ಕುತ್ತು.

ಒಂದು ತಪ್ಪನ್ನು ಮಾತ್ರ ಎಂದಿಗೂ ಮಾಡಬೇಡಿ. ಅಂಗಡಿಯಲ್ಲಿ 12 ವೋಲ್ಟ್ ಬಲ್ಬ್ ಅಗ್ಗಕ್ಕೆ ಸಿಕ್ಕಿತೆಂದು, ಎರಡು ಬ್ಯಾಟರಿಗಳ ನಡುವಿನ ಕೊಂಡಿಯಿಂದ 12 ವೋಲ್ಟ್ ಎಳೆದು ಹೆಡ್‌ಲೈಟ್ ಉರಿಸುವುದು ಕೆಲವು ಗ್ಯಾರೇಜ್‌ಗಳಲ್ಲಿ ನಡೆಯುತ್ತದೆ. ಆಲ್ಟರ್ನೇಟರ್ ಎರಡನ್ನೂ ಒಟ್ಟಿಗೆ ಚಾರ್ಜ್ ಮಾಡುವುದರಿಂದ ಬಳಕೆಯಾದ ಬ್ಯಾಟರಿ ಎಂದೂ ತುಂಬುವುದಿಲ್ಲ, ಬಳಸದ್ದು ಮಿತಿಮೀರಿ ಚಾರ್ಜ್ ಆಗಿ ನೀರು ಕುದಿಸುತ್ತದೆ. ಕೆಲವೇ ತಿಂಗಳಲ್ಲಿ ಜೋಡಿ ಬ್ಯಾಟರಿ ಹಾಳು.

ವೋಲ್ಟೇಜ್ ಸರಿಯಾದ ಮೇಲೆ ಲ್ಯಾಂಪ್ ನೋಡಿ. ರಿಫ್ಲೆಕ್ಟರ್‌ನ ಬೆಳ್ಳಿ ಎದ್ದಿದ್ದರೆ, ಮಬ್ಬಾಗಿದ್ದರೆ ಎಂಥ ಬಲ್ಬ್ ಹಾಕಿಯೂ ಪ್ರಯೋಜನವಿಲ್ಲ, ಲ್ಯಾಂಪ್ ಬದಲಿಸಬೇಕು. ರಿಫ್ಲೆಕ್ಟರನ್ನು ಒಳಗಿನಿಂದ ಬಟ್ಟೆ ಹಾಕಿ ಒರೆಸಬೇಡಿ, ಆ ಲೇಪನ ಬೆರಳು ತಾಗಿದರೂ ಹೋಗುತ್ತದೆ. ಮುಂದಿನ ಪ್ಲಾಸ್ಟಿಕ್ ಹಳದಿಯಾಗಿದ್ದರೆ 800, 1500, 2000 ನಂಬರಿನ ವಾಟರ್ ಪೇಪರ್‌ನಿಂದ ನೀರು ಬಿಟ್ಟುಕೊಂಡು ತಿಕ್ಕಿ, ಪಾಲಿಶ್ ಹಾಕಿ, ಯುವಿ ತಡೆಯುವ ಲೇಪನ ಹಚ್ಚಬೇಕು. ಲೇಪನ ಬಿಟ್ಟರೆ ಬಿಸಿಲಿಗೆ ಮತ್ತೆ ಬೇಗನೆ ಹಳದಿ.

ಇಷ್ಟೆಲ್ಲ ಮಾಡಿ ಒಂದು ಜೊತೆ ಹೊಸ 24 ವೋಲ್ಟ್ 75/70 ವ್ಯಾಟ್ ಹ್ಯಾಲೊಜನ್ ಹಾಕಿ ಒಂದು ರಾತ್ರಿ ಓಡಿಸಿ ನೋಡಿ. ಬಹಳ ಮಂದಿಗೆ ಇಲ್ಲಿಗೇ ಸಾಕಾಗುತ್ತದೆ.

ಯಾವ ಬಲ್ಬ್

ನಿಮ್ಮ ಬಲ್ಬ್‌ನ ಬುಡದ ಮೇಲೆ ಮಾದರಿ ಬರೆದಿರುತ್ತದೆ. ಒಂದೇ ಬಲ್ಬ್‌ನಲ್ಲಿ ಅಪ್ಪರ್ ಡಿಪ್ಪರ್ ಎರಡೂ ಇದ್ದು ಹಿಂದೆ ಮೂರು ಪಿನ್ ಇದ್ದರೆ ಎಚ್4. ಡಿಪ್ಪರ್‌ಗೆ ಬೇರೆ, ಅಪ್ಪರ್‌ಗೆ ಬೇರೆ ಬಲ್ಬ್ ಇದ್ದರೆ ಸಾಮಾನ್ಯವಾಗಿ ಎಚ್7 ಅಥವಾ ಎಚ್1. ಮಾನದಂಡದ ಪ್ರಕಾರ 24 ವೋಲ್ಟ್‌ನ ಎಚ್4 ಅಪ್ಪರ್‌ನಲ್ಲಿ 1900 ಲ್ಯೂಮೆನ್, ಡಿಪ್ಪರ್‌ನಲ್ಲಿ 1200 ಲ್ಯೂಮೆನ್ ಕೊಡಬೇಕು. 24 ವೋಲ್ಟ್‌ನ ಎಚ್7 ಕೊಡಬೇಕಾದ್ದು 1750. ಈ ಅಂಕಿಗಳನ್ನು ನೆನಪಿಟ್ಟುಕೊಂಡು ಅಂಗಡಿಗೆ ಹೋಗಿ. ಡಬ್ಬಿಯ ಮೇಲೆ 20,000 ಲ್ಯೂಮೆನ್, 200 ವ್ಯಾಟ್ ಎಂದು ಬರೆದಿರುತ್ತದೆ. ಅಷ್ಟು ಚಿಕ್ಕ ಹೀಟ್‌ಸಿಂಕ್‌ನಲ್ಲಿ 200 ವ್ಯಾಟ್ ಶಾಖ ಕಳೆಯಲು ಸಾಧ್ಯವೇ ಇಲ್ಲ. ಎಚ್4 ಜಾಗದಲ್ಲಿ ಬಾಳಿಕೆ ಬರುವ ಎಲ್‌ಇಡಿ ಎಳೆಯುವುದು ಒಂದಕ್ಕೆ 25ರಿಂದ 40 ವ್ಯಾಟ್. ಅಂಗಡಿಯವರು ಒಪ್ಪಿದರೆ 24 ವೋಲ್ಟ್ ಸಪ್ಲೈಗೆ ಮೀಟರ್ ಸೇರಿಸಿ ಆಂಪಿಯರ್ ನೋಡಿ: ವೋಲ್ಟ್ ಗುಣಿಸು ಆಂಪಿಯರ್, ಅದೇ ನಿಜವಾದ ವ್ಯಾಟ್. ಹತ್ತು ನಿಮಿಷ ಉರಿಸಿ ಮತ್ತೆ ನೋಡಿ. ಕರೆಂಟ್ ಅರ್ಧಕ್ಕೆ ಇಳಿದಿದ್ದರೆ ಬಿಸಿಗೆ ಅದು ತನ್ನನ್ನೇ ಮಂದ ಮಾಡಿಕೊಳ್ಳುತ್ತಿದೆ, ನಿಮ್ಮ ರಾತ್ರಿ ಪ್ರಯಾಣದಲ್ಲಿ ಸಿಗುವುದು ಆ ಇಳಿದ ಬೆಳಕೇ.

ವೋಲ್ಟೇಜ್ ವ್ಯಾಪ್ತಿ 9–32 ಎಂದಿರಬೇಕು. ಬರೇ 12 ಎಂದಿದ್ದರೆ ಬೇಡ.

ಎಲ್ಲಕ್ಕಿಂತ ಮುಖ್ಯ, ಹಳೆಯ ಬಲ್ಬನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ ಪಕ್ಕದಲ್ಲಿ ಹಿಡಿದು ಹೋಲಿಸುವುದು. ಕಾಲರ್‌ನಿಂದ, ಅಂದರೆ ಮೂರು ಕಿವಿಗಳಿರುವ ಲೋಹದ ಬಳೆಯಿಂದ ಹ್ಯಾಲೊಜನ್‌ನ ತಂತಿ ಎಷ್ಟು ದೂರವೋ ಚಿಪ್ಪೂ ಅಷ್ಟೇ ದೂರ ಇರಬೇಕು. ಎಚ್4ನಲ್ಲಿ ತುದಿಯ ಕಡೆಗಿರುವ ತಂತಿ ಡಿಪ್ಪರಿನದು, ಅದರ ಕೆಳಗೊಂದು ಲೋಹದ ಬಟ್ಟಲು ಇರುತ್ತದೆ. ಬೆಳಕು ಕೆಳಗಿನ ಅರ್ಧ ರಿಫ್ಲೆಕ್ಟರ್‌ಗೆ ಬೀಳದಂತೆ ತಡೆದು, ಮೇಲೆ ಕತ್ತರಿಸಿದಂಥ ಗೆರೆ ಮೂಡಿಸುವುದು ಆ ಬಟ್ಟಲು. ಎಲ್‌ಇಡಿ ಎಚ್4ನಲ್ಲಿ ಡಿಪ್ಪರ್ ಚಿಪ್‌ಗಳ ಕೆಳಗೆ ಅದೇ ಆಕಾರದ ಬಟ್ಟಲು ಇಲ್ಲದಿದ್ದರೆ ಅದನ್ನು ಮುಟ್ಟಬೇಡಿ. ಸುತ್ತ ನಾಲ್ಕು ಮುಖದಲ್ಲೂ ಚಿಪ್ ಅಂಟಿಸಿದವು, ಜೋಳದ ತೆನೆಯಂತೆ ಕಾಣುವವು ರಿಫ್ಲೆಕ್ಟರ್‌ಗೆ ಹೇಳಿ ಮಾಡಿಸಿದ ಶತ್ರುಗಳು. ಚಿಪ್ ಎರಡೇ ಬದಿಗೆ, ಬೆನ್ನಿಗೆ ಬೆನ್ನು ಹಚ್ಚಿದಂತೆ ಇರಬೇಕು, ನಡುವಿನ ಹಲಗೆ ಆದಷ್ಟು ತೆಳ್ಳಗಿರಬೇಕು. ಹಲಗೆ ದಪ್ಪವಾದಷ್ಟೂ ಎರಡು ಬದಿಯ ಚಿಪ್ ದೂರವಾಗಿ ಬೆಳಕಿನ ನಡುವೆ ಕಪ್ಪು ಕಲೆ ಬೀಳುತ್ತದೆ.

ಫ್ಯಾನ್ ಇರುವುದೋ ಇಲ್ಲದ್ದೋ? ಫ್ಯಾನ್ ಇರುವುದು ತಂಪಾಗಿರುತ್ತದೆ, ಹೆಚ್ಚು ಬೆಳಕು ಕೊಡುತ್ತದೆ. ಆದರೆ ಸಿಮೆಂಟ್, ಮರಳು, ಕಲ್ಲಿದ್ದಲು ಹೊರುವ ಲಾರಿಯಲ್ಲಿ ಧೂಳು ತುಂಬಿ ಫ್ಯಾನ್ ನಿಂತರೆ ಚಿಪ್ ಸುಡುತ್ತದೆ. ಅಂಥ ಲೋಡ್ ಇರುವವರಿಗೆ ಹಿಂಬದಿಯಲ್ಲಿ ತಾಮ್ರದ ಜಡೆಯಂಥ ಹೀಟ್‌ಸಿಂಕ್ ಇರುವ, ಫ್ಯಾನ್ ಇಲ್ಲದ 25 ವ್ಯಾಟ್‌ನ ಬಲ್ಬ್ ಉತ್ತಮ. ಬಲ್ಬ್‌ನ ತೂಕವನ್ನೂ ಕೈಯಲ್ಲಿ ತೂಗಿ ನೋಡಿ. ಹ್ಯಾಲೊಜನ್‌ಗೆಂದು ಮಾಡಿದ ಸ್ಪ್ರಿಂಗ್ ಕ್ಲಿಪ್ ಭಾರದ ಬಲ್ಬನ್ನು ಲಾರಿಯ ಅಲುಗಾಟದಲ್ಲಿ ಬಿಗಿಯಾಗಿ ಹಿಡಿಯುವುದಿಲ್ಲ, ಬೆಳಕು ರಸ್ತೆಯ ಮೇಲೆ ನಡುಗತೊಡಗುತ್ತದೆ.

ಬಣ್ಣದ ವಿಷಯದಲ್ಲಿ 4300ರಿಂದ 5000 ಕೆಲ್ವಿನ್ ತೆಗೆದುಕೊಳ್ಳಿ. ಹ್ಯಾಲೊಜನ್ ಸುಮಾರು 3200. ನೀಲಿ ಛಾಯೆಯ 6500 ಅಂಗಡಿಯಲ್ಲಿ ಹೊಳೆದು ಕಾಣುತ್ತದೆ, ಆಷಾಢದ ಮಳೆಯಲ್ಲಿ ಲೋನಾವಳಾದ ಹತ್ತಿರ ಕಣ್ಣು ಆಯಾಸಗೊಳಿಸುತ್ತದೆ. ಹಳದಿ ಬೆಳಕು ಮಂಜನ್ನು ತೂರಿಕೊಂಡು ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣವನ್ನೂ ಒಂದೇ ತೆರನಾಗಿ ಚದುರಿಸುತ್ತವೆ. ಹಳದಿಯಿಂದ ಸಿಗುವ ನೆಮ್ಮದಿ ಕಣ್ಣು ಕುಕ್ಕುವುದು ಕಡಿಮೆಯಾಗುವುದರಿಂದ. ಮಂಜಿನಲ್ಲಿ ನಿಜವಾಗಿ ನೆರವಾಗುವುದು ಬಂಪರ್ ಕೆಳಗೆ, ನೆಲಕ್ಕೆ ಹತ್ತಿರವಿರುವ ಫಾಗ್ ಲ್ಯಾಂಪ್.

ಕೂರಿಸುವ ಮುಂಚೆ ಗೋಡೆಯ ಮೇಲೆ ಗೆರೆ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಹ್ಯಾಲೊಜನ್ ಬಲ್ಬ್ ಇರುವಾಗಲೇ ಫೋಕಸ್ ಸರಿಮಾಡಿ, ಅದರ ಬೆಳಕಿನ ಅಂಚನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡಬೇಕು. ಆ ಗೆರೆಯೇ ಎಲ್‌ಇಡಿಗೆ ಪರೀಕ್ಷೆ.

ಸಮತಟ್ಟಾದ ನೆಲ, ಎದುರಿಗೊಂದು ಬಿಳಿ ಗೋಡೆ ಬೇಕು. ಟ್ರಾನ್ಸ್‌ಪೋರ್ಟ್ ನಗರದ ಗೋದಾಮುಗಳ ಕಾಂಪೌಂಡ್ ಇದಕ್ಕೆ ಚೆನ್ನಾಗಿ ಒದಗುತ್ತದೆ. ಲಾರಿಯಲ್ಲಿ ಮಾಮೂಲಿ ಲೋಡ್ ಇರಲಿ. ಖಾಲಿ ಲಾರಿಯ ಹಿಂಭಾಗ ಎದ್ದು ಮೂತಿ ಕೆಳಗಿರುತ್ತದೆ, ಲೋಡ್ ಬಿದ್ದಾಗ ಹಿಂದಿನ ಪಟ್ಟಾ (ಸ್ಪ್ರಿಂಗ್ ಪಟ್ಟಿ) ಕುಗ್ಗಿ ಮೂತಿ ಮೇಲೇಳುತ್ತದೆ. ಖಾಲಿ ಇದ್ದಾಗ ಹೊಂದಿಸಿದ ಫೋಕಸ್ ಲೋಡ್ ಆದಮೇಲೆ ಎದುರಿನವರ ಕಣ್ಣಿಗೇ ನೇರ. ಟೈರ್‌ಗಳಲ್ಲಿ ಗಾಳಿ ಸರಿಯಿರಲಿ, ಡ್ಯಾಶ್‌ಬೋರ್ಡ್‌ನಲ್ಲಿ ಫೋಕಸ್ ಏರಿಳಿಸುವ ಗುಂಡಿ ಇದ್ದರೆ ಸೊನ್ನೆಗೆ ಇಡಿ. ಅದು ಇರುವ ಲಾರಿಯನ್ನು ಖಾಲಿಯಾಗಿಯೇ ಹೊಂದಿಸಿ, ಲೋಡ್ ಆದಾಗ ಗುಂಡಿಯಿಂದ ಇಳಿಸಿಕೊಳ್ಳಬಹುದು.

ಮೊದಲು ಲಾರಿಯನ್ನು ಗೋಡೆಗೆ ಬಹುತೇಕ ತಾಗುವಂತೆ ನಿಲ್ಲಿಸಿ ಎರಡೂ ಲ್ಯಾಂಪ್‌ನ ನಡುಬಿಂದುವನ್ನು ಗೋಡೆಯ ಮೇಲೆ ಗುರುತಿಸಿ. ಆ ಬಿಂದುಗಳ ಮೂಲಕ ಒಂದು ಅಡ್ಡಗೆರೆ, ಪ್ರತಿ ಬಿಂದುವಿಗೂ ಒಂದು ನೇರಗೆರೆ. ಸ್ಟಿಯರಿಂಗ್ ಅಲುಗಿಸದೆ ನೆಟ್ಟಗೆ ಹಿಂದಕ್ಕೆ ತೆಗೆದು, ಲ್ಯಾಂಪ್ ಗಾಜಿನಿಂದ ಗೋಡೆಗೆ ಸರಿಯಾಗಿ 10 ಮೀಟರ್ ಬರುವಂತೆ ನಿಲ್ಲಿಸಿ. ಈಗ ಅಡ್ಡಗೆರೆಯ ಕೆಳಗೆ ಇನ್ನೊಂದು ಗೆರೆ. ಲ್ಯಾಂಪ್ ನೆಲದಿಂದ 80 ಸೆಂಟಿಮೀಟರ್‌ಗಿಂತ ಕೆಳಗಿದ್ದರೆ 10 ಸೆಂಟಿಮೀಟರ್ ಕೆಳಗೆ, 80ರಿಂದ 100ರ ನಡುವೆ ಇದ್ದರೆ 15, ಒಂದು ಮೀಟರ್ ದಾಟಿದ್ದರೆ 20 ಇಡಿ.

ಈ ಅಂಕಿ ಯಾಕೆ? 90 ಸೆಂಟಿಮೀಟರ್ ಎತ್ತರದ ಲ್ಯಾಂಪ್ 10 ಮೀಟರ್‌ಗೆ 15 ಸೆಂಟಿಮೀಟರ್ ಇಳಿದರೆ ಡಿಪ್ಪರ್ ಬೆಳಕಿನ ಅಂಚು ನೆಲ ಮುಟ್ಟುವುದು 60 ಮೀಟರ್‌ನಲ್ಲಿ. ಗಂಟೆಗೆ 60 ಕಿಲೋಮೀಟರ್ ವೇಗದ ಲೋಡ್ ಲಾರಿ, ಕಣ್ಣಿಗೆ ಬಿದ್ದು ಕಾಲು ಬ್ರೇಕ್‌ಗೆ ಹೋಗುವ ಒಂದೂವರೆ ಸೆಕೆಂಡನ್ನೂ ಸೇರಿಸಿ, ಒಣ ರಸ್ತೆಯಲ್ಲಿ ನಿಲ್ಲಲು ಹಿಡಿಯುವುದೂ ಸುಮಾರು ಅಷ್ಟೇ. ಐದು ಸೆಂಟಿಮೀಟರ್ ಹೆಚ್ಚು ಇಳಿಸಿದರೆ 15 ಮೀಟರ್ ರಸ್ತೆ ಕಳೆದುಹೋಗುತ್ತದೆ. ಐದು ಸೆಂಟಿಮೀಟರ್ ಏರಿಸಿದರೆ ಎದುರಿನ ಬೈಕ್‌ನವನಿಗೆ ರಸ್ತೆಯೇ ಕಾಣುವುದಿಲ್ಲ.

ಡಿಪ್ಪರ್ ಹಾಕಿ, ಒಂದು ಲ್ಯಾಂಪ್‌ಗೆ ರಟ್ಟು ಅಡ್ಡ ಹಿಡಿಸಿ, ಇನ್ನೊಂದನ್ನು ಹೊಂದಿಸಿ. ಒಂದು ಸ್ಕ್ರೂ ಮೇಲೆ ಕೆಳಗೆ, ಇನ್ನೊಂದು ಎಡ ಬಲ. ಅಂಚಿನ ಬಲಭಾಗ ಸಪಾಟಾಗಿ ಕೆಳಗಿನ ಗೆರೆಯ ಮೇಲೆ ಕೂರಬೇಕು, ಎಡಭಾಗ ನೇರಗೆರೆಯಿಂದ ಓರೆಯಾಗಿ ಮೇಲೇರಬೇಕು. ಎಡ ಬದಿಯ ಜನ, ಬೋರ್ಡ್ ಕಾಣಲೆಂದೇ ಆ ಏರು. ಅದು ಬಲಕ್ಕೆ ಏರುತ್ತಿದ್ದರೆ ಬಲಬದಿ ಸಂಚಾರದ ದೇಶದ ಲ್ಯಾಂಪ್ ಕೊಂಡಿದ್ದೀರಿ, ಹಿಂದಿರುಗಿಸಿ. ಎಲ್ಲ ಕೂತ ಮೇಲೆ ಬೆಳಕಿನ ಅಂಚಿನ ಉದ್ದಕ್ಕೂ ಸೀಮೆಸುಣ್ಣ ಎಳೆದು, ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

ಬಲ್ಬ್ ಕೂರಿಸುವುದು

ಇಂಜಿನ್ ಆರಿಸಿ, ಹ್ಯಾಲೊಜನ್ ತಣ್ಣಗಾಗಲು ಹದಿನೈದು ನಿಮಿಷ ಬಿಡಿ. ಬ್ಯಾಟರಿ ಕಟ್-ಆಫ್ ತಿರುಗಿಸುವ ಮುಂಚೆ ಬಿಎಸ್6 ಲಾರಿಯಲ್ಲಿ ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರವದ ಪಂಪ್ ತನ್ನ ಪೈಪ್ ಖಾಲಿ ಮಾಡಿಕೊಳ್ಳುವವರೆಗೆ, ಅಂದರೆ ಕನಿಷ್ಠ ಎರಡು ನಿಮಿಷ ಅಥವಾ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಅವಸರ ಮಾಡಿದರೆ ಯೂರಿಯಾ ಪೈಪಿನಲ್ಲೇ ಹರಳುಗಟ್ಟಿ ಹೆಡ್‌ಲೈಟ್ ಖರ್ಚಿನ ಹತ್ತುಪಟ್ಟು ತೆರಬೇಕಾದೀತು.

ಬಲ್ಬ್ ಹಿಂದೆ ವೈರ್ ಸೇರುವ ಎಚ್4 ಕಪ್ಲರ್ ಕಿತ್ತು ಮೂರು ತೂತುಗಳನ್ನು ಪರೀಕ್ಷಿಸಿ, ವೈರಿನ ಬಣ್ಣ ನಂಬಬೇಡಿ. ಇದಕ್ಕಾಗಿ ಬ್ಯಾಟರಿ ಮತ್ತೆ ಹಾಕಿ, ಮೀಟರ್‌ನ ಕಪ್ಪು ತುದಿಯನ್ನು ಬ್ಯಾಟರಿ ನೆಗೆಟಿವ್‌ಗೆ ಇಡಿ. ಡಿಪ್ಪರ್ ಹಾಕಿದಾಗ ಒಂದರಲ್ಲಿ, ಅಪ್ಪರ್ ಹಾಕಿದಾಗ ಇನ್ನೊಂದರಲ್ಲಿ ಸುಮಾರು 24 ವೋಲ್ಟ್ ಬಂದು, ಮೂರನೆಯದು ಸದಾ ಸೊನ್ನೆಯಿದ್ದರೆ ಎಲ್‌ಇಡಿ ನೇರವಾಗಿ ಹೊಂದುತ್ತದೆ. ಒಂದು ತೂತಿನಲ್ಲಿ ಯಾವಾಗಲೂ 24 ಇದ್ದರೆ ಆ ಲಾರಿಯ ಸ್ವಿಚ್ ನೆಗೆಟಿವ್ ಕಡೆ ಇದೆ. ಹ್ಯಾಲೊಜನ್‌ಗೆ ದಿಕ್ಕಿಲ್ಲ, ಎಲ್‌ಇಡಿಗೆ ಇದೆ. ನೆಗೆಟಿವ್ ಸ್ವಿಚಿಂಗ್‌ಗೆಂದೇ ಬರುವ ಅಡಾಪ್ಟರ್ ಇಲ್ಲದೆ ಅಲ್ಲಿ ಅದು ಉರಿಯುವುದೇ ಇಲ್ಲ, ಇಲ್ಲವೇ ಅಪ್ಪರ್ ಡಿಪ್ಪರ್ ಎರಡೂ ಒಟ್ಟಿಗೆ ಉರಿಯುತ್ತವೆ.

ಲ್ಯಾಂಪ್ ಹಿಂಬದಿಗೆ ನೀರು ಹೋಗದಂತೆ ಮುಚ್ಚಿರುವ ರಬ್ಬರ್ ಬೂಟ್ ತೆಗೆದು, ಕ್ಲಿಪ್ ಒತ್ತಿ ಹಳೆ ಬಲ್ಬ್ ಹೊರಗೆ. ಗಾಜು ಮುಟ್ಟದಂತೆ ಡಬ್ಬಿಗೆ ಹಾಕಿ. ಎಲ್‌ಇಡಿಯ ಕಾಲರ್ ಬೇರೆಯಾಗಿ ಬರುವಂತಿದ್ದರೆ ಮೊದಲು ಕಾಲರ್ ಮಾತ್ರ ಕೂರಿಸಿ ಕ್ಲಿಪ್ ಹಾಕಿ, ಮೇಲೆ ಬೂಟ್ ಹೊದಿಸಿ, ಕೊನೆಗೆ ಬಲ್ಬ್ ತೂರಿಸಿ ತಿರುಗಿಸಿ ಲಾಕ್ ಮಾಡಿ. ಚಿಪ್‌ಗಳು ಎಡಕ್ಕೂ ಬಲಕ್ಕೂ, ಗಡಿಯಾರದ ಒಂಬತ್ತು ಮತ್ತು ಮೂರರ ಕಡೆ ನೋಡಬೇಕು, ಬಟ್ಟಲು ಕೆಳಗಿರಬೇಕು. ಫ್ಯಾನ್ ಬೂಟ್‌ನ ಹೊರಗಿರಬೇಕು. ಅದರ ಮೇಲೆ ಬೂಟ್ ಎಳೆದು ಮುಚ್ಚಿದರೆ ಬಿಸಿಗಾಳಿಯನ್ನೇ ಸುತ್ತಿಸುತ್ತಾ ವಾರಗಳಲ್ಲಿ ಸಾಯುತ್ತದೆ. ಎಲ್‌ಇಡಿಗೆ ಕರೆಂಟ್ ಹೊಂದಿಸಿಕೊಡುವ ಡ್ರೈವರ್ ಡಬ್ಬಿ ತೂಗಾಡದಂತೆ ಟೈ ಹಾಕಿ ಕಟ್ಟಿ, ರೇಡಿಯೇಟರ್ ಪೈಪ್‌ಗೆ ತಾಗದಿರಲಿ. ಕಪ್ಲರ್ ಒಳಗೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ.

ಈಗ ಡಿಪ್ಪರ್ ಹಾಕಿ ಗೋಡೆ ನೋಡಿ. ಎಲ್‌ಇಡಿಯ ಅಂಚು ಸೀಮೆಸುಣ್ಣದ ಗೆರೆಯ ಮೇಲೇ ಬರಬೇಕು. ಅಂಚು ಓರೆಯಾಗಿದ್ದರೆ ಕಾಲರ್‌ನ ಚಿಕ್ಕ ಸ್ಕ್ರೂ ಸಡಿಲಿಸಿ ಬಲ್ಬನ್ನು ಐದಾರು ಡಿಗ್ರಿ ತಿರುಗಿಸಿ. ಅಂಚು ಸರಿಯಿದ್ದು ಮೇಲಿನ ಕತ್ತಲಿನಲ್ಲಿ ಮಂಜು ಹಬ್ಬಿದಂತೆ ಬೆಳಕು ಕಂಡರೆ ಅದೇ ಎದುರಿನವರಿಗೆ ಕುಕ್ಕುವುದು. ಲ್ಯಾಂಪ್‌ನ ಸ್ಕ್ರೂ ಇಳಿಸಿ ಅದನ್ನು ಮುಚ್ಚಿಹಾಕಲು ಹೋಗಬೇಡಿ. ಗೆರೆಗೆ ಹೊಂದದ ಬಲ್ಬ್ ನಿಮ್ಮ ಲ್ಯಾಂಪಿನದಲ್ಲ, ಅಂಗಡಿಗೆ ವಾಪಸ್ ಕೊಟ್ಟು ಬೇರೆ ಪ್ರಯತ್ನಿಸಿ. ಇದಕ್ಕೇ ಕೊಳ್ಳುವಾಗಲೇ ಬದಲಾಯಿಸಿಕೊಡುವ ಮಾತು ಆಡಿಕೊಂಡಿರಬೇಕು. ಬೆಳಕಿನ ಅತಿ ಹೊಳಪಿನ ಭಾಗ ಅಂಚಿನ ಕೆಳಗೇ, ನಡುವೆ ಇರಬೇಕು. ಗೋಡೆಯ ಬುಡದಲ್ಲಿ ಹೊಳಪು ಹೆಚ್ಚಿದ್ದರೆ ಹತ್ತಿರದ ನೆಲ ಬೆಳಗಿ ಕಣ್ಣಿನ ಪಾಪೆ ಕುಗ್ಗುತ್ತದೆ, ದೂರದ್ದು ಇನ್ನಷ್ಟು ಕಾಣದಾಗುತ್ತದೆ. ಅಪ್ಪರ್ ಹಾಕಿದಾಗ ಹೊಳಪಿನ ನಡುಭಾಗ ಮೇಲಿನ ಗೆರೆಯ ಆಸುಪಾಸು ಬಂದರೆ ಸರಿ. ಎಚ್4ನಲ್ಲಿ ಅಪ್ಪರ್‌ಗೆಂದು ಬೇರೆ ಸ್ಕ್ರೂ ಇರುವುದಿಲ್ಲ, ಹೊಂದಿಸುವುದು ಯಾವಾಗಲೂ ಡಿಪ್ಪರ್ ನೋಡಿಯೇ.

ಹಾಕಿದ ಮೇಲೆ ಬರುವ ತೊಂದರೆ

ಮಿಣುಕುತ್ತಿದ್ದರೆ ಮೊದಲು ಕಪ್ಲರ್‌ನ ಪಿನ್ ಸಡಿಲವೇ ನೋಡಿ, ನೋಸ್ ಪ್ಲೈಯರ್‌ನಿಂದ ಒತ್ತಿ. ಬಿಎಸ್6 ಲಾರಿಯಲ್ಲಾದರೆ ಕಂಟ್ರೋಲ್ ಯೂನಿಟ್ ಕರೆಂಟನ್ನು ತುಂಡು ತುಂಡಾಗಿ ಕಳಿಸುತ್ತಿರಬಹುದು. 24 ವೋಲ್ಟ್‌ನ ಕ್ಯಾನ್‌ಬಸ್ ಡಿಕೋಡರ್ (ಆ ಕರೆಂಟನ್ನು ಸಮ ಮಾಡಿ ಬಲ್ಬ್‌ಗೆ ಕೊಡುವ ಚಿಕ್ಕ ಡಬ್ಬಿ) ನಡುವೆ ಹಾಕಿದರೆ ನಿಲ್ಲುತ್ತದೆ. ಬಲ್ಬ್ ಹೋಗಿದೆ ಎಂದು ಡ್ಯಾಶ್‌ಬೋರ್ಡ್ ಎಚ್ಚರಿಸುವುದಕ್ಕೂ, ಆಫ್ ಮಾಡಿದ ಮೇಲೂ ಎಲ್‌ಇಡಿ ಮಸುಕಾಗಿ ಉರಿಯುವುದಕ್ಕೂ ಇದೇ ಮದ್ದು. ಎಫ್‌ಎಂನಲ್ಲಿ ಗೊರಗೊರ ಬಂದರೆ, ಜಿಪಿಎಸ್ ಸಿಗ್ನಲ್ ತಪ್ಪಿದರೆ ಎಲ್‌ಇಡಿ ಡ್ರೈವರ್ ಡಬ್ಬಿಯಿಂದ ಬರುವ ತರಂಗ ಕಾರಣ. ವೈರಿಗೆ ಫೆರೈಟ್ ಉಂಗುರ ಹಾಕಿ, ಆಂಟೆನಾದಿಂದ ದೂರ ಸರಿಸಿ.

ಎರಡೂ ಬಲ್ಬ್ ಒಟ್ಟಿಗೇ ಸತ್ತರೆ ಬಲ್ಬನ್ನು ದೂರುವ ಮುಂಚೆ ಬ್ಯಾಟರಿ ಟರ್ಮಿನಲ್ ಅಲುಗಿಸಿ ನೋಡಿ. ಓಡುವಾಗ ಟರ್ಮಿನಲ್ ಒಂದು ಕ್ಷಣ ಬಿಟ್ಟರೂ ಆಲ್ಟರ್ನೇಟರ್‌ನಿಂದ ಏಳುವ ವೋಲ್ಟೇಜ್ ಹೊಡೆತ 32 ವೋಲ್ಟ್ ಮಿತಿಯನ್ನು ಎಷ್ಟೋ ಮೀರುತ್ತದೆ, ಎಲ್‌ಇಡಿ ಡ್ರೈವರ್ ಅಲ್ಲೇ ಮುಗಿಯುತ್ತದೆ. ಟರ್ಮಿನಲ್ ಬಿಗಿ ಮಾಡದೆ ಹೊಸ ಜೋಡಿ ಹಾಕಿದರೆ ಅದಕ್ಕೂ ಅದೇ ಗತಿ.

ಮುಂಬೈ ಮಳೆಯಲ್ಲಿ ಕಾಣುವ ಇನ್ನೊಂದು ತೊಂದರೆ ಲ್ಯಾಂಪ್ ಒಳಗಿನ ಹಬೆ. ಹ್ಯಾಲೊಜನ್ ತನ್ನ ಶಾಖವನ್ನು ಮುಂದಕ್ಕೆ ಎಸೆದು ಗಾಜನ್ನು ಒಣಗಿಸುತ್ತಿತ್ತು. ಎಲ್‌ಇಡಿಯ ಶಾಖ ಹಿಂದಕ್ಕೆ ಹೋಗುತ್ತದೆ, ಗಾಜು ತಣ್ಣಗೇ ಇರುತ್ತದೆ, ಮೊದಲು ಗೊತ್ತೇ ಆಗದಿದ್ದ ತೇವ ಈಗ ಹನಿಗಟ್ಟಿ ನಿಲ್ಲುತ್ತದೆ. ಬೂಟ್ ಹರಿದಿದ್ದರೆ ಹೊಸದು ಹಾಕಿ, ಗಾಜಿನ ಅಂಚಿನ ಸೀಲ್ ಬಿಟ್ಟಿದ್ದರೆ ಸಿಲಿಕೋನ್ ಹಚ್ಚಿ. ಲ್ಯಾಂಪ್ ಹಿಂದಿನ ಗಾಳಿಯ ಸಣ್ಣ ಕೊಳವೆಗಳನ್ನು ಮಾತ್ರ ಸಿಲಿಕೋನ್‌ನಿಂದ ಮುಚ್ಚಬೇಡಿ, ತೇವ ಹೊರಹೋಗುವುದು ಅಲ್ಲಿಂದಲೇ. ಗಾಜಿನ ಹೊರಗೆ ಮೆತ್ತಿದ ಕೆಸರೂ ಈಗ ಒಣಗಿ ಉದುರುವುದಿಲ್ಲ, ಡಾಬಾದಲ್ಲಿ ನಿಂತಾಗಲೆಲ್ಲ ಒದ್ದೆ ಬಟ್ಟೆ ಆಡಿಸಲು ಕ್ಲೀನರ್‌ಗೆ ಹೇಳಿ.

ಮೊದಲ 500 ಕಿಲೋಮೀಟರ್ ಆದಮೇಲೆ ಕ್ಲಿಪ್, ಕಾಲರ್ ಸ್ಕ್ರೂ, ಟೈಗಳನ್ನು ಮತ್ತೆ ಬಿಗಿ ನೋಡಿ, ಗೋಡೆಯ ಎದುರು ಒಮ್ಮೆ ನಿಲ್ಲಿಸಿ. ಬೂಟ್ ಬದಲಿಸಿದಾಗ, ಪಟ್ಟಾ ಕೆಲಸ ಮಾಡಿಸಿದಾಗ, ಟೈರ್ ಅಳತೆ ಬದಲಾದಾಗಲೂ ಹೀಗೇ. ಬಿಚ್ಚಿದ ಹ್ಯಾಲೊಜನ್ ಜೋಡಿಯನ್ನು ಡಬ್ಬಿಯಲ್ಲಿ ಸುತ್ತಿ ಕ್ಯಾಬಿನ್‌ನಲ್ಲಿಡಿ. ಎಲ್‌ಇಡಿ ಸತ್ತರೆ ಅನಮೋಡ ಘಾಟ್‌ನ ನಡುರಾತ್ರಿಯಲ್ಲಿ ಅಂಗಡಿ ತೆರೆದಿರುವುದಿಲ್ಲ. ಹೊಸ ಬೂಟ್‌ನ ತೂತು ಅಗಲವಾಗಿದ್ದರೆ ಹ್ಯಾಲೊಜನ್ ಹಾಕಿದಾಗ ನೀರು ನುಗ್ಗುತ್ತದೆ, ಹಾಗಾಗಿ ಹಳೆಯ ಬೂಟನ್ನೂ ಅದರ ಜೊತೆಗೇ ಇಡಿ.